ಮೂರು ಹನಿ ನಿಂಬೆ

2021ರ ಏಪ್ರಿಲ್, ಕೊರೊನಾ ಎರಡನೇ ಅಲೆ. ಮಾವ ಅಂಗಾತ ಮಲಗಿದ್ದರು. ಒಂದು ಕೈಲಿ ಮೊಬೈಲು, ಇನ್ನೊಂದರಲ್ಲಿ ನಿಂಬೆ ಹೋಳು.

“ಏನಿದು ಮಾವಾ?”

“ಮೂಗಿಗೆ ಮೂರು ಹನಿ ಬಿಟ್ಕೊಂಡ್ರೆ ಆಕ್ಸಿಜನ್ ಏರುತ್ತಂತೆ.”

“ಯಾರಂದ್ರು?”

“ದೊಡ್ಡ ಡಾಕ್ಟ್ರು.”

“ಹೆಸರು?”

“ಹೆಸರ್ಯಾಕೆ? ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅಂತಿದೆ ನೋಡು. ಜೋಡಿ ಬಾಣ ಬೇರೆ! ಎಂಡಿ ಇದ್ದಂಗೆ.”

“ಅದು ಎಚ್ಚರಿಕೆ ಗುರುತು! ಅಂಥದ್ದನ್ನ ಒಂದ್ಸಲಕ್ಕೆ ಒಂದೇ ಚಾಟ್‌ಗೆ ಕಳಿಸ್ಬಹುದು ಅಂತ ವಾಟ್ಸಾಪ್ 2020ರಲ್ಲೇ ಕಡಿವಾಣ ಹಾಕಿದೆ.”

“ಅದಕ್ಕೇ ಬೆಳಗಿಂದ ಒಬ್ಬೊಬ್ಬರಿಗೇ ಕಳಿಸ್ತಿದೀನಿ. 40 ಆಯ್ತು.”

“ನೀವು ಹಾಕ್ಕೊಂಡ್ರಾ?”

“ಮೊದಲು ಅವರು ಹೆಂಗಿದಾರೆ ನೋಡೋಣಂತ.”

(ಹೋಳು ಆಗಲೇ ಒಣಗಿತ್ತು.)

“ಲಸಿಕೆ ಹಾಕಿಸ್ಕೊಳ್ಳಿ ಮತ್ತೆ.”

ಮಾವ ದಡಕ್ಕನೆ ಎದ್ದು ಕೂತರು.

“ಅಯ್ಯೋ, ಅದನ್ನ ಸರಿಯಾಗಿ ಪರೀಕ್ಷೆ ಮಾಡಿಲ್ಲಂತೆ ಕಣಯ್ಯಾ!”