ತಪ್ಹೋತು-ಭಯ: ಘಟ್ಟದ ಮೇಲಿನ ಮೂರು ತಾಲೂಕುಗಳ ಹಪ್ಪಳೋದ್ಯಮವನ್ನು ಅನುಲಕ್ಷಿಸಿ ಒಂದು ಮಹಾಪ್ರಬಂಧ

ಪದವಿಚಾರ

‘ಫೋಮೋ’ ಎಂಬ ಪದದ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಪ್ಯಾಟ್ರಿಕ್ ಮೆಕ್‌ಗಿನ್ನಿಸ್ 2004ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆಗೆ ಬರೆದ ಲೇಖನದಿಂದ ಅದು ಚಲಾವಣೆಗೆ ಬಂತು ಎಂಬುದು ಮೊದಲ ಪಕ್ಷ. ಎರಡನೆಯದು ನಮ್ಮನೆ ಜಗಲಿಯ ಪಕ್ಷ. ಅಣ್ಣನ ಮಗ ಫೋನು ಹಿಡಿದು “ಎಲ್ಲ ಫೋಮೋ” ಎಂದು ನಿಟ್ಟುಸಿರು ಬಿಟ್ಟಾಗ ಕವಳ ಹಾಕುತ್ತ ಕೂತಿದ್ದ ಅಜ್ಜ, “ಯಾವ ಹೋಮನೋ ತಮಾ? ಭಟ್ರಿಗೆ ಹೇಳಿ ಆತಾ?” ಎಂದು ಕೇಳಿದ. ಪ್ರಬಂಧಕಾರನು ಎರಡನೆಯ ಪಕ್ಷವನ್ನೇ ಅಂಗೀಕರಿಸಿದ್ದಾನೆ. ಹೋಮದಲ್ಲಿ ತುಪ್ಪ ಉರಿಯುತ್ತದೆ, ಫೋಮೋದಲ್ಲಿ ಡೇಟಾ. ಕಣ್ಣು ಕೆಂಪಾಗುವುದು ಎರಡರಲ್ಲೂ ಯಜಮಾನನಿಗೇ.

ಪಾರಿಭಾಷಿಕವಾಗಿ ಇಲ್ಲಿ ಅದನ್ನು ‘ತಪ್ಹೋತು-ಭಯ’ ಎಂದು ಕರೆಯಲಾಗಿದೆ. ಲಕ್ಷಣ: ಪಕ್ಕದ ಮನೆಯವರಿಗೆ ಸಿಕ್ಕಿದ್ದು ನಮಗೆ ಸಿಗದೆ ಹೋದೀತೆಂಬ ಯೋಚನೆಯಿಂದ ಹುಟ್ಟಿ, ಎದೆಯಲ್ಲಿ ಶುರುವಾಗಿ, ಹೆಬ್ಬೆರಳಿಗೆ ಇಳಿಯುವ ವ್ಯಾಧಿ.

ಪೂರ್ವಸೂರಿಗಳ ಸಮೀಕ್ಷೆ

ಈ ಭಯವನ್ನು ಅಳೆಯಲು ಮನಶ್ಶಾಸ್ತ್ರಜ್ಞರು 2013ರಲ್ಲಿ ಹತ್ತು ವಾಕ್ಯಗಳ ಮಾಪಕವೊಂದನ್ನು ಪ್ರಕಟಿಸಿದರು. ಶಿರಸಿ ಸೀಮೆಗೆ ಒಂದೇ ವಾಕ್ಯ ಸಾಕು: “ಅವು ಹಾಕಿದ್ದ, ನಂಗ್ಳೂ ಹಾಕವು.” ಉಳಿದ ಗ್ರಂಥಗಳನ್ನು ಪರಾಮರ್ಶಿಸುವಷ್ಟರಲ್ಲಿ ಕರೆಂಟು ಹೋಯಿತು, ಹಿಂದೆಯೇ ಟವರೂ ಹೋಯಿತು. ಆದ್ದರಿಂದ ಈ ಅಧ್ಯಾಯ ಇಲ್ಲಿಗೆ ಮುಗಿಯಿತು.

ಇತಿಹಾಸ

ವ್ಯಾಧಿ ಫೋನಿನಿಂದ ಬಂದದ್ದೆಂಬುದು ಅಜ್ಞರ ಮಾತು. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಮಲಗಿಸಿತು. ಗಾಳಿ ಬೀಸಿದ್ದು ಅಲ್ಲಿ, ಬಳ್ಳಿ ಅಲ್ಲಾಡಿದ್ದು ಯಲ್ಲಾಪುರದಲ್ಲಿ. ಹಸಿಕೋಡಿನ ಧಾರಣೆ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರಿತು. ಮದುವೆಮನೆ ಊಟದ ಪಂಕ್ತಿಯಲ್ಲಿ ಅಡಿಕೆಯ ಮಾತು ನಿಂತುಹೋಯಿತು. ಯಾರ ಮನೆಯಲ್ಲಿ ಎಷ್ಟು ಬಳ್ಳಿ, ಯಾರು ರಾತ್ರಿ ಬ್ಯಾಟರಿ ಹಿಡಿದು ತೋಟ ಕಾಯುತ್ತಿದ್ದಾರೆ ಎಂಬುದೇ ಮಾತು. ಕಾಯಲು ಬಳ್ಳಿಯಿಲ್ಲದವರಿಗೆ ಮಾತ್ರ ಆ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ.

ವೆನಿಲ್ಲಾ ನೆಟ್ಟರೆ ಹೂ ಬಿಡಲು ಮೂರು ವರ್ಷ, ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ಧಾರಣೆಯ ಸುದ್ದಿ ಕೇಳಿ ನೆಟ್ಟವನ ಬಳ್ಳಿ ಹೂ ಬಿಡುವಾಗ ಸುದ್ದಿ ಹುಟ್ಟಿಸಿದವನು ಮಾರಿ ಮುಗಿಸಿರುತ್ತಾನೆ. 2004ರ ಕೊನೆಯ ಹೊತ್ತಿಗೆ ಬೆಲೆ ಜಾರತೊಡಗಿ, ಆಮೇಲೆ ನೂರರ ಆಚೀಚೆ ಬಂದು ಕೂತಿತು. ಮೆಕ್‌ಗಿನ್ನಿಸ್ ಲೇಖನ ಬರೆದದ್ದೂ ಅದೇ ವರ್ಷ ಎಂಬುದನ್ನು ಗಮನಿಸಬೇಕು. ಹಾರ್ವರ್ಡಿನಲ್ಲಿ ರೋಗಕ್ಕೆ ನಾಮಕರಣ ಆಗುವಾಗ ನಮ್ಮಲ್ಲಿ ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದ.

ಹೂವಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ವೆನಿಲ್ಲಾ ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಇನ್‌ಸ್ಟಾಗ್ರಾಂ ಸ್ಟೋರಿಯಾದರೂ 24 ತಾಸು ಇರುತ್ತದೆ. ವೆನಿಲ್ಲಾ ಅಷ್ಟು ಉದಾರಿಯಲ್ಲ.

ರೀಲು ಯುಗ

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಹತ್ತು ದಿನದಲ್ಲಿ ರೀಲ್ಸ್ ಭಾರತಕ್ಕೆ ಬಂತು. ಕೊರೊನಾ ಕಾಲದಲ್ಲಿ ಬೆಂಗಳೂರಿನ ಮಾಣಿಗಳೆಲ್ಲ ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿ, ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕುತ್ತಿದ್ದರು. ಗುಡ್ಡದಿಂದ ಇಳಿದ ನಮ್ಮನೆ ಮಾಣಿಯ, ಅಂದರೆ ಅದೇ ಅಣ್ಣನ ಮಗನ, ಕಣ್ಣಿಗೆ ಮೊದಲು ಬಿದ್ದದ್ದು ಅಂಗಳದಲ್ಲಿ ಒಣಗುತ್ತಿದ್ದ ಹಲಸಿನ ಹಪ್ಪಳ.

ಕ್ಷೇತ್ರಕಾರ್ಯದ ಮಾದರಿ: ನಮ್ಮನೆ, ಪಕ್ಕದ ಮನೆ, ಪಕ್ಕದ ಮನೆಯವರ ಭಾವನ ಅಂಗಡಿ. ನಮ್ಮನೆಯಲ್ಲಿ ಅತ್ತಿಗೆ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಮಾಡಿ ಮಾರುತ್ತಾಳೆ. ಪಕ್ಕದ ಮನೆಯವರ ತೊಡೆದೇವಿನ ರೀಲು ಓಡಿತು ಎಂಬ ಸುದ್ದಿ ಬಂದ ಸಂಜೆಯೇ ಅವಳಿಗೆ ವ್ಯಾಧಿ ತಗುಲಿತು. ತೊಡೆದೇವು ಕ್ಯಾಮೆರಾಕ್ಕೆಂದೇ ಹುಟ್ಟಿದ ತಿಂಡಿ ಎಂಬುದು ನಿಜ. ಒಲೆಯ ಮೇಲೆ ಬೋರಲು ಹಾಕಿದ ಗಡಿಗೆ, ಬಟ್ಟೆ ಸುತ್ತಿದ ಕೋಲು, ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟು. ಗಡಿಗೆಯ ಮೈಮೇಲೆ ಒಮ್ಮೆ ಎಳೆದರೆ ಕಾಗದಕ್ಕಿಂತ ತೆಳು ಪದರ. ಆದರೆ ಅದು ಗರಿಯಾಗುವ ಮೊದಲೇ ಎಬ್ಬಿಸಿ ಮಡಚಬೇಕು. “ಆಯಿ, ಒಂಚೂರು ತಡಿ, ಬೆಳಕು ಸರಿ ಇಲ್ಲೆ” ಎಂದು ಮಾಣಿ ಹೇಳುವಷ್ಟರಲ್ಲಿ ಅದು ಪುಡಿಯಾಗಿರುತ್ತಿತ್ತು. ಹೀಗೆ ಒಂದು ಗಡಿಗೆ ಹಿಟ್ಟು ಶಾಸ್ತ್ರಕ್ಕೆ ಸಮರ್ಪಿತವಾಯಿತು. ಪುಡಿಯನ್ನು ಪ್ರಬಂಧಕಾರ ಹಾಲಿಗೆ ಹಾಕಿ ತಿಂದನು. ಸಂಶೋಧನೆಗೆ ಬೇರೆ ಅನುದಾನ ಬಂದಿಲ್ಲ.

ಮುಂದಿನ ತೊಡಕು ಭಾಷೆಯದು. ಕೊಳ್ಳುವವನಲ್ಲಿ ತಪ್ಹೋತು-ಭಯ ಬಿತ್ತುವುದೇ ಜಾಹೀರಾತಿನ ಮರ್ಮವೆಂದು ಬಲ್ಲ ಮಾಣಿ, “ಕೆಲವೇ ಪ್ಯಾಕೆಟ್ ಉಳಿದಿದೆ! ಇಂದೇ ಆರ್ಡರ್ ಮಾಡಿ!” ಎಂದು ಬರೆದ. ಅತ್ತಿಗೆ ಓದಿ ಗಾಬರಿಯಾದಳು. “ಸುಳ್ಳು ಎಂತಕ್ಕೋ? ಅಟ್ಟದ ಮೇಲೆ ಇನ್ನೂ ನಾಕು ಡಬ್ಬಿ ಇದ್ದಲಾ!” ಹಾಗಾದರೆ ರುಚಿಯ ಬಗ್ಗೆಯಾದರೂ ಹೇಳು ಎಂದು ಮಾಣಿ ಕ್ಯಾಮೆರಾ ಹಿಡಿದ. “ಅಡ್ಡಿಲ್ಲೆ, ತಿನ್ಲಕ್ಕು” ಎಂದಳು. ಈ ಸೀಮೆಯಲ್ಲಿ ಮೂರು ಸಿಹಿ ಬಡಿಸಿದ ಮದುವೆಯೂಟಕ್ಕೂ ಸಲ್ಲುವ ಪರಮಪ್ರಶಸ್ತಿ ‘ಅಡ್ಡಿಲ್ಲೆ’ ಎಂಬುದು ಬೆಂಗಳೂರಿನ ಗಿರಾಕಿಗೆ ತಿಳಿಯುವುದು ಹೇಗೆ? ಐದು ನಕ್ಷತ್ರಗಳ ಜಾಗದಲ್ಲಿ ಐದು ಅಡ್ಡಿಲ್ಲೆಗಳನ್ನು ಅಚ್ಚು ಹಾಕುವ ತಂತ್ರಜ್ಞಾನ ಇನ್ನೂ ಬಂದಿಲ್ಲ.

ಸಿದ್ದಾಪುರ, ಯಲ್ಲಾಪುರಗಳ ಪಾಠಾಂತರಗಳು ಅಲ್ಪ. ಸಿದ್ದಾಪುರದವರು ಉಪ್ಪಿನಕಾಯಿ ಬಾಟಲಿಯನ್ನು ಜೋಗದವರೆಗೆ ಒಯ್ದು ಜಲಪಾತದ ಮುಂದೆ ನಿಲ್ಲಿಸುತ್ತಾರೆ, ಯಲ್ಲಾಪುರದವರು ಮಾಗೋಡಿನ ಮುಂದೆ. ಎರಡರಲ್ಲೂ ಮಂಜು ಕವಿದು ಬಾಟಲಿ ಮಾತ್ರ ಕಾಣುತ್ತದೆ.

ಚಿಕಿತ್ಸೆ

ಪೂರ್ವಪಕ್ಷ: ಹಾಗಾದರೆ ರೀಲೇ ಬೇಡವೇ? ಸಿದ್ಧಾಂತ: ಬೇಕು, ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಹಾಗೆ. ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಹೊಳವು ನೋಡಿ ಇನ್ನೊಂದು ಸಲ. ಪಕ್ಕದ ತೋಟದಲ್ಲಿ ಪಂಪಿನ ಸದ್ದು ಕೇಳಿತೆಂದು ದಿನಾ ಕೊನೆಗೆ ಔಷಧ ಹೊಡೆದವರನ್ನು ಪ್ರಬಂಧಕಾರ ಕಂಡಿಲ್ಲ. ಮೈಲುತುತ್ತಕ್ಕೆ ದುಡ್ಡು ಕೊಡಬೇಕಲ್ಲ! ರೀಲಿಗೆ ಕೊಡಬೇಕಿಲ್ಲ, ಅನರ್ಥವೆಲ್ಲ ಅಲ್ಲಿಂದಲೇ.

ಪಥ್ಯವೂ ಮನೆಯಲ್ಲೇ ಇದೆ. ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅಂದಿನಿಂದ ಈ ಸೀಮೆಯ ಅಡಿಕೆ ಬೆಳೆಗಾರ ರಾಶಿಗೆಷ್ಟು, ಚಾಲಿಗೆಷ್ಟು, ಬೆಟ್ಟೆಗೆಷ್ಟು ಎಂದು ದಿನವೂ ಧಾರಣೆ ನೋಡುತ್ತ, ಒಪ್ಪಿಗೆಯಾಗದಿದ್ದರೆ “ಇನ್ನೊಂಚೂರು ನೋಡನ” ಎಂದು ಚೀಲ ಅಲ್ಲೇ ಬಿಟ್ಟು, ಚಾ ಕುಡಿದು ಬಸ್ಸು ಹತ್ತುತ್ತ ಬಂದಿದ್ದಾನೆ. ದಿನಾ ನೋಡಿಯೂ ಏನನ್ನೂ ಮಾಡದೆ ಮನೆಗೆ ಬರುವ ಈ ಯೋಗಸಾಧನೆ ಶತಮಾನ ದಾಟಿದೆ. ಅಡಿಕೆಗೆ ಇರುವ ತಾಳ್ಮೆ ಹಪ್ಪಳಕ್ಕೆ ಯಾಕಿಲ್ಲ ಎಂದು ಅತ್ತಿಗೆಯನ್ನು ಕೇಳಿದೆ. “ಅಡಿಕೆ ನಿಮ್ದು, ಹಪ್ಪಳ ನಂದು” ಎಂದಳು. ಇದನ್ನು ಪರಿಶೀಲಿಸಲು ಬೇರೊಂದು ಮಹಾಪ್ರಬಂಧ ಬೇಕು.

ಅನುಬಂಧ

ನಮ್ಮ ತೋಟದ ಮೂಲೆಯಲ್ಲಿ ವೆನಿಲ್ಲಾ ಕಾಲದ ಬಳ್ಳಿಯೊಂದು ಇನ್ನೂ ಉಳಿದಿದೆ. ಮೊನ್ನೆ ಅದರಲ್ಲಿ ಒಂದು ಹೂ ಅರಳಿತ್ತು. ಮಾಣಿ ಬೆಳಗ್ಗೆಯೇ ಕಂಡು, ಬೆಳಕು ಬರುವವರೆಗೆ ಕಾದು, ಮೂರು ಕೋನಗಳಿಂದ ರೀಲು ತೆಗೆದು, ಹಾಡು ಕೂಡಿಸಿ, ಅಪ್‌ಲೋಡ್ ಮಾಡಲು ಗುಡ್ಡ ಹತ್ತಿದ. ಇಳಿದು ಬರುವಾಗ ಹನ್ನೆರಡೂವರೆ. ಕಡ್ಡಿ ಮುಟ್ಟಿಸುವುದು ಅವನಿಗೂ ನೆನಪಾಗಲಿಲ್ಲ, ಈ ಅಧ್ಯಾಯಗಳನ್ನು ತಿದ್ದುತ್ತ ಕೂತಿದ್ದ ನನಗೂ ನೆನಪಾಗಲಿಲ್ಲ. ಹೂ ಮುದುಡಿತ್ತು. ಅಜ್ಜ ಕನ್ನಡಕ ಏರಿಸಿ ರೀಲನ್ನು ಎರಡು ಸಲ ನೋಡಿದ.

“ಅಡ್ಡಿಲ್ಲೆ” ಎಂದ.