ತವಂದಿ ಘಾಟ್ ದಾಟಿದರೆ ಫಾರಿನ್ನು

ನಮ್ಮೂರು ಕಣಗಲಾದ ಶಾಲೆಯ ಕಬಡ್ಡಿ ತಂಡಕ್ಕೆ ಎರಡು ದಾರಿ. ದಕ್ಷಿಣಕ್ಕೆ ಹೊರಟರೆ ಸಂಕೇಶ್ವರ, ಹುಕ್ಕೇರಿ, ಬೆಳಗಾವಿ. ಅದು ಸರಕಾರದ ದಾರಿ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಮೆಟ್ಟಿಲು ಹತ್ತುತ್ತ ಹೋಗಬೇಕು. ಬಹಳ ಸಲ ಮೊದಲನೇ ಮೆಟ್ಟಿಲಿನಲ್ಲೇ ಜಾರಿ ಊಟದ ಹೊತ್ತಿಗೆ ಮನೆ ಸೇರಬೇಕು. ಉತ್ತರಕ್ಕೆ ಹೊರಟರೆ ತವಂದಿ ಘಾಟ್, ನಿಪ್ಪಾಣಿ, ಅದರಾಚೆ ಕಾಗಲ, ಕೊಲ್ಲಾಪುರ. ಕಾಗಲದಿಂದ ಪರರಾಜ್ಯ, ಅಂದರೆ ನಮ್ಮ ಲೆಕ್ಕದಲ್ಲಿ ಪರದೇಶ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಟ್ರ್ಯಾಕ್ಸ್ ಗಾಡಿಗೆ ಡಿಸೇಲ್ ಇದ್ದರೆ ಸಾಕು. ಆದರೂ ಹೊರಡುವ ಮುಂಚೆ ಪಿ.ಟಿ. ಸರ್ ಹುಡುಗರನ್ನು ಸಾಲಾಗಿ ನಿಲ್ಲಿಸಿ ರಾಯಭಾರಿಗಳಿಗೆ ಹೇಳುವಂತೆ ಹೇಳುತ್ತಿದ್ದರು: “ಅಲ್ಲಿ ಹೋಗಿ ಯಾರಿಗೂ ಬೈಬ್ಯಾಡ್ರಿ. ಕನ್ನಡದಾಗ ಬೈದ್ರೂ ಅವರಿಗೆ ತಿಳೀತೈತಿ, ಮರಾಠಿಯೊಳಗ ಬೈದ್ರೂ ತಿಳೀತೈತಿ. ಬಾಯಿ ಮುಚ್ಚಿ ಆಡ್ರಿ.” ಕಬಡ್ಡಿಯನ್ನು ಬಾಯಿ ಮುಚ್ಚಿ ಆಡುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಫಾರಿನ್ನು ಕೊಲ್ಲಾಪುರಕ್ಕೆ ಮುಗಿದರೆ, ಇಂಗ್ಲೆಂಡಿನ ಶಾಲೆಗಳದು ದೊಡ್ಡ ಕೈ. ಅಲ್ಲಿಯ ರಗ್ಬಿ ತಂಡ ರಜೆ ಬಿತ್ತೆಂದರೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತ ವಿಮಾನ ಹತ್ತುತ್ತದೆ. ಅದಕ್ಕಾಗಿ ತಿಂಗಳುಗಟ್ಟಲೆ ಮೊದಲೇ ದುಡ್ಡು ಕೂಡಿಸಲು ಕೂರುತ್ತಾರೆ. ಹುಡುಗರು ಕಾರು ತೊಳೆಯುತ್ತಾರೆ, ತಾಯಂದಿರು ಕೇಕ್ ಮಾಡಿ ಮಾರುತ್ತಾರೆ. ಅಲ್ಲಿಗೆ ಹೋದ ಮೇಲೆ ಎಷ್ಟೋ ಕಡೆ ಲಾಡ್ಜಿನ ಗೊಡವೆಯಿಲ್ಲ. ಎದುರಾಳಿ ಶಾಲೆಯ ಹುಡುಗರ ಮನೆಗಳಿಗೇ ಒಬ್ಬಿಬ್ಬರಂತೆ ಹಂಚಿಬಿಡುತ್ತಾರೆ. ಮಧ್ಯಾಹ್ನ ನಿಮ್ಮನ್ನು ಕೆಡವಿ ಮೈಮೇಲೆ ಬಿದ್ದವನ ಮನೆಯಲ್ಲೇ ರಾತ್ರಿ ಊಟ. ಬಡಿಸುವವಳು ಅವನ ತಾಯಿ. ನಿಮ್ಮ ಊದಿದ ಕಣ್ಣು ನೋಡಿ “ಅಯ್ಯೋ, ಯಾರಪ್ಪಾ ಹಿಂಗ ಮಾಡಿದವರು?” ಅಂತ ಆಕೆ ಕೇಳಿದರೆ ಪಕ್ಕದಲ್ಲಿ ಕೂತವನು ತಟ್ಟೆ ನೋಡಬೇಕು. ಈ ಆಟದ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಈ ಒಂದು ಏರ್ಪಾಟು. ನಮ್ಮಲ್ಲಿ ಹೊರಗಿನ ತಂಡವನ್ನು ಏಳನೇ ಇಯತ್ತೆಯ ಕೋಣೆಯಲ್ಲಿ ಜಮಖಾನೆ ಹಾಸಿ ಮಲಗಿಸುತ್ತಾರೆ. ಗೋಡೆಯ ಮೇಲೆ ಅಸ್ಥಿಪಂಜರದ ಪಟ ಇರುತ್ತದೆ. ನಾಳೆ ಯಾವ್ಯಾವ ಎಲುಬು ಮುರಿಯಬಹುದು ಎಂದು ಎಣಿಸುತ್ತ ನಿದ್ದೆ ಹೋಗಬೇಕು.

ಆಟದ ವಿಷಯಕ್ಕೆ ಬಂದರೆ, ರಗ್ಬಿ ಅನ್ನುವುದು ಕಬಡ್ಡಿ ಬಲ್ಲವನಿಗೆ ಅರ್ಧ ಗೊತ್ತಿರುವ ಆಟ. ಓಡಬೇಕು, ಹಿಡಿಯಬೇಕು, ಹಿಡಿದವನಿಂದ ಕೊಸರಿಕೊಂಡು ಗೆರೆ ಮುಟ್ಟಬೇಕು. ಒಂದು ಕಡೆ ಹದಿನೈದು ಮಂದಿ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಈಗ ಐದು ಅಂಕ. ಮೊದಲಿನ ಕಾಲದಲ್ಲಿ ಇಷ್ಟೆಲ್ಲ ಮಾಡಿದರೂ ಒಂದೂ ಅಂಕವಿಲ್ಲ, ಕಂಬಗಳ ನಡುವೆ ಒಮ್ಮೆ ಚೆಂಡು ಒದೆಯಲು ಅವಕಾಶ ಅಷ್ಟೇ. ತಲೆ ಕೆಡಿಸುವುದು ಒಂದೇ ನಿಯಮ: ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎಲ್ಲರೂ ಮುಂದೆ ಓಡಬೇಕು, ಚೆಂಡನ್ನು ಮಾತ್ರ ಹಿಂದಿನವನಿಗೆ ಕೊಡಬೇಕು. ನಡುನಡುವೆ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಸಿಕ್ಕಿಸಿ ತಲೆ ಬಗ್ಗಿಸಿ ನೂಕಾಡುತ್ತಾರೆ; ಕೆಸರಿನಲ್ಲಿ ಹೂತ ಕಬ್ಬಿನ ಟ್ರೇಲರನ್ನು ಹಿಂದಿನಿಂದಲೂ ಮುಂದಿನಿಂದಲೂ ಒಟ್ಟಿಗೇ ದೂಡಿದ ಹಾಗೆ. ಇಷ್ಟೆಲ್ಲ ಗುದ್ದಾಟದ ನಡುವೆ ರೆಫ್ರಿಯ ಜೊತೆ ವಾದಕ್ಕೆ ನಿಲ್ಲುವಂತಿಲ್ಲ. ಕೇಳುವುದಿದ್ದರೆ ಕ್ಯಾಪ್ಟನ್ ಕೇಳಬೇಕು, ಅದೂ ‘ಸರ್’ ಅಂತ. ನಮ್ಮ ಕಡೆಯ ಕಬಡ್ಡಿ ಅಂಕಣದಲ್ಲಿ ರೆಫ್ರಿಗೆ ಆಟಗಾರರು ಬುದ್ಧಿ ಹೇಳುತ್ತಾರೆ, ಆಟಗಾರರ ಕಾಕಾಗಳು ಹೇಳುತ್ತಾರೆ, ಚುರಮರಿ ಮಾರುವವನೂ ಬುಟ್ಟಿ ಇಳಿಸಿ ಬಂದು ಹೇಳುತ್ತಾನೆ.

ಚೆಂಡು ಮೊಟ್ಟೆಯಾಕಾರದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಹಂದಿಯ ಮೂತ್ರಕೋಶದಲ್ಲಿದೆ. ಆಟ ಹುಟ್ಟಿದ್ದು ರಗ್ಬಿ ಎಂಬ ಊರಿನ ಶಾಲೆಯಲ್ಲಿ. ಆ ಶಾಲೆಯ ಎದುರಿಗೇ ರಿಚರ್ಡ್ ಲಿಂಡನ್ ಎಂಬ ಚಮ್ಮಾರನ ಅಂಗಡಿ. ಆಗೆಲ್ಲ ಚರ್ಮದ ಹೊದಿಕೆಯೊಳಗೆ ಹಂದಿಯ ಮೂತ್ರಕೋಶ ಇಟ್ಟು ಬಾಯಿಂದ ಊದುತ್ತಿದ್ದರು. ಅದು ಹೇಗೆ ಊದಿಕೊಳ್ಳುತ್ತದೋ ಚೆಂಡು ಹಾಗೆ. ಊದುವ ಕೆಲಸ ಲಿಂಡನ್ನನ ಹೆಂಡತಿಯದು. ಹದಿನೇಳು ಮಕ್ಕಳ ತಾಯಿ ಆಕೆ. ಮನೆಗೆಲಸ ಮುಗಿಸಿ ಶಾಲೆಯ ಹುಡುಗರಿಗೆ ಚೆಂಡು ಊದಬೇಕು. ರೋಗ ಬಂದ ಹಂದಿಗಳ ಕೋಶ ಊದಿ ಊದಿ ಎದೆಗೆ ಬೇನೆ ಹತ್ತಿ ತೀರಿಹೋದಳಂತೆ. ಆಮೇಲೆ ಲಿಂಡನ್ ರಬ್ಬರಿನ ಬ್ಲಾಡರ್ ಮಾಡಿದ, ಅದನ್ನು ಊದಲು ಹಿತ್ತಾಳೆಯ ಪಂಪನ್ನೂ ಮಾಡಿದ. 1860ರ ದಶಕದ ಮಾತು. ಗಂಡಸರ ಬುದ್ಧಿ ಓಡುವುದು ಸ್ವಲ್ಪ ತಡ. ಕಣಗಲಾದವನಾದ ನನಗೆ ಈ ಕಥೆ ಓದಿದಾಗ ಬೇರೊಂದು ವಿಚಾರವೂ ಬಂತು. ರಬ್ಬರಿನ ಇನ್ನೊಂದು ಉಪಯೋಗವನ್ನು ದೇಶಕ್ಕೆಲ್ಲ ಹಂಚುತ್ತಿರುವ ಊರು ನಮ್ಮದು. ಹಿಂದೆ ಹಿಂದುಸ್ತಾನ್ ಲೇಟೆಕ್ಸ್ ಅನ್ನುತ್ತಿದ್ದ ಕಾರ್ಖಾನೆ ನಮ್ಮೂರಲ್ಲೇ ಇದೆ. ಅಲ್ಲಿ ನಿರೋಧ ತಯಾರಾಗುತ್ತದೆ, ಗುಳಿಗೆಯೂ ತಯಾರಾಗುತ್ತದೆ. ಲಿಂಡನ್ ದಂಪತಿಗಳ ಪಾಲಿಗೆ ಆ ಕಾರ್ಖಾನೆ ಇನ್ನೂ ನೂರು ವರ್ಷಕ್ಕೂ ದೂರದಲ್ಲಿತ್ತು, ಪಾಪ.

ರಗ್ಬಿಗೂ ನಮ್ಮ ದೇಶಕ್ಕೂ ನಂಟು ಹಳೆಯದು. 1873ರಲ್ಲಿ ಕಲಕತ್ತೆಯ ಬಿಳಿಯರು ಫುಟ್‌ಬಾಲ್ ಕ್ಲಬ್ ಕಟ್ಟಿ ರಗ್ಬಿ ಆಡತೊಡಗಿದರು. ಮೊದಮೊದಲು ಭರ್ತಿ ಜನ. ಕಾರಣ, ಕ್ಲಬ್ಬಿನಲ್ಲಿ ಕುಡಿತ ಪುಕ್ಕಟೆ. ಅದು ನಿಂತಿತು, ಸದಸ್ಯರಿಗೆ ಒಮ್ಮೆಲೇ ಬಿಸಿಲು ಜಾಸ್ತಿ ಅನ್ನಿಸಿತು, ಟೆನಿಸ್ಸು ಪೋಲೊ ನೆನಪಾದವು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದ ಹಣವನ್ನು 270 ಬೆಳ್ಳಿ ರೂಪಾಯಿಯಾಗಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ಮೂರು ಹಿಡಿಕೆ, ಮೂರೂ ನಾಗರಹಾವು. ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಲಕತ್ತಾ ಕಪ್ಪಿಗಾಗಿಯೇ ಆಡುತ್ತಿವೆ. ಮೊದಲ ಪಂದ್ಯ ಸಮಸಮ ಆಯಿತು. 1988ರಲ್ಲಿ ಎರಡೂ ಕಡೆಯ ಒಬ್ಬೊಬ್ಬ ಆಟಗಾರ ಪಂದ್ಯ ಮುಗಿಸಿ, ಗುಂಡು ಮುಗಿಸಿ, ಎಡಿನ್‌ಬರೋದ ಬೀದಿಯಲ್ಲಿ ಆ ಕಪ್ಪನ್ನೇ ಚೆಂಡು ಮಾಡಿ ಆಡಿ ನೆಗ್ಗಿಸಿಟ್ಟರು. ನಮ್ಮ ಅಜ್ಜಂದಿರ ಬೆಳ್ಳಿ ರೂಪಾಯಿ ಅದು! ಅವರು ಗಂಟು ಕಟ್ಟಿ ತೊಲೆಯ ಸಂದಿಯಲ್ಲಿ ಇಡುತ್ತಿದ್ದರು, ಒದೆಯುತ್ತಿರಲಿಲ್ಲ.

ರಗ್ಬಿಯವರಿಗೆ ಪರದೇಶ ಪ್ರವಾಸದ ಹುಚ್ಚು ಹತ್ತಿದ್ದೂ ಆ ಕಪ್ ಹುಟ್ಟಿದ ಕಾಲದಲ್ಲೇ. 1888ರ ಮಾರ್ಚಿನಲ್ಲಿ ಬ್ರಿಟನ್ನಿನ ಒಂದು ತಂಡ ಹಡಗು ಹತ್ತಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸುತ್ತಿ ನವೆಂಬರಿನಲ್ಲಿ ಮರಳಿತು. 35 ರಗ್ಬಿ ಪಂದ್ಯ ಆಡಿದರು. ಸಾಲದ್ದಕ್ಕೆ, ಟಿಕೀಟಿನ ದುಡ್ಡಿನ ಆಸೆಗೆ, ಅಲ್ಲಿಯವರ ಬೇರೆ ನಿಯಮದ ಫುಟ್‌ಬಾಲನ್ನೂ 19 ಸಲ ಆಡಿದರು. ಗೊತ್ತಿಲ್ಲದ ಆಟವನ್ನು ಗೊತ್ತಿದ್ದವರ ಊರಲ್ಲೇ ಆಡುವುದಕ್ಕೆ ಎಂಥ ಎದೆ ಬೇಕು!

ಅಂಥ ಎದೆ ನಮ್ಮ ದೇಶದ ಶಾಲೆಯ ಹುಡುಗರಿಗೂ ಇತ್ತೆಂದು ತೋರಿದ್ದು 2007ರಲ್ಲಿ. ಭುವನೇಶ್ವರದ ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಆದಿವಾಸಿ ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸುವ ಸಂಸ್ಥೆ. ಅಲ್ಲಿಯ ಹದಿನಾಲ್ಕರೊಳಗಿನ ಹುಡುಗರು ಲಂಡನ್ನಿಗೆ ಹೋಗಿ, ದೇಶದೇಶದ ಶಾಲಾ ತಂಡಗಳು ಕೂಡಿದ್ದ ರಗ್ಬಿ ಟೂರ್ನಿಯನ್ನು ಗೆದ್ದುಬಿಟ್ಟರು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಹುಡುಗರ ಮೇಲೆ 19–5. ದಕ್ಷಿಣ ಆಫ್ರಿಕಾದಲ್ಲಿ ಕೂಸು ನಡೆಯಲು ಕಲಿಯುವ ಮುಂಚೆ ರಗ್ಬಿ ಕಲಿಯುತ್ತದೆ ಅನ್ನುತ್ತಾರೆ. ಒಡಿಶಾದ ಮಕ್ಕಳು ಈ ಚೆಂಡನ್ನು ಕಂಡು ಹೆಚ್ಚು ದಿನ ಆಗಿರಲಿಲ್ಲ. ಆ ಗೆಲುವಿನ ಮೇಲೆ ‘ಜಂಗಲ್ ಕ್ರೈ’ ಎಂಬ ಸಿನಿಮಾ ಬಂತು. ಸಿನಿಮಾ ಆದ ಮೇಲೂ ನಮ್ಮ ಕಡೆ ರಗ್ಬಿ ಅಂದರೆ ‘ಅದೇನೋ ಬಡಿದಾಡೂದು’ ಅಷ್ಟೇ. 2025ರಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದು ‘ಬೆಂಗಳೂರು ಬ್ರೇವ್‌ಹಾರ್ಟ್ಸ್’ ಅಂತ ಒಂದು ತಂಡ ಆಡಿದ್ದು ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಬೆಳಗಾವಿ ಸೀಮೆಯವರು ಸಮುದ್ರ ದಾಟಿ ಆಡಿದ ಕಥೆ ಇದಕ್ಕಿಂತ ಬಹಳ ಹಿಂದಿನದು, ಮತ್ತು ಅದನ್ನು ಹೇಳದೆ ಬಿಟ್ಟರೆ ನನ್ನ ನಾಲಿಗೆ ಕೇಳುವುದಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ದೊರಾಬ್ಜಿ ಟಾಟಾ ಅತಿಥಿ. ಅಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡಿದ್ದು ನೋಡಿ, ಇವರು ಯುರೋಪಿನವರಿಗೆ ಬಹಳ ಹಿಂದೇನಿಲ್ಲ ಅಂತ ಅವರಿಗೆ ಅನ್ನಿಸಿತು. ಮರುವರ್ಷವೇ ತಮ್ಮ ಕೈಯಿಂದಲೂ ಹಣ ಹಾಕಿ ಬೆರಳೆಣಿಕೆಯ ಓಟಗಾರರನ್ನೂ ಪೈಲ್ವಾನರನ್ನೂ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳಿಸಿದರು. ಹಡಗಿನಲ್ಲಿ ಪ್ರಯಾಣ, ಲಂಡನ್ನಿನಲ್ಲಿ ತಾಲೀಮು. ಅವರಲ್ಲಿ ಒಬ್ಬ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ನಮ್ಮ ಮಣ್ಣಿನದು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಒಲಿಂಪಿಕ್ಸಿನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಫಿನ್‌ಲೆಂಡಿನ ಕೊಲೆಹ್ಮೈನೆನ್ ಎರಡೂವರೆ ತಾಸು ಚಿಲ್ಲರೆಯಲ್ಲಿ ಗೆದ್ದ. ಚೌಗುಲೆ 2 ತಾಸು 50 ನಿಮಿಷದಲ್ಲಿ ಮುಟ್ಟಿ 19ನೆಯವರಾದರು. ಗೆದ್ದವನಿಗೂ ಇವರಿಗೂ ಅಂತರ ಹದಿನೆಂಟು ನಿಮಿಷ. ಒಂದು ಕಪ್ ಚಹಾ ಹೇಳಿ, ಬಂದ ಚಹಾ ಆರಿಸಿ ಕುಡಿಯುವಷ್ಟು ಹೊತ್ತು. ನಮ್ಮ ಶಾಲೆಗಳಲ್ಲಿ ಒಲಿಂಪಿಕ್ಸ್ ಪಾಠ ಮಾಡುವಾಗ ಗ್ರೀಸಿನಿಂದ ಶುರು ಮಾಡುತ್ತಾರೆ. ಬೆಳಗಾವಿಯಿಂದ ಶುರು ಮಾಡಿದರೆ ಗ್ರೀಸು ಬೇಸರ ಮಾಡಿಕೊಳ್ಳುತ್ತದೆಯೇ? ಆಮೇಲೆ 2018ರಲ್ಲಿ ನಮ್ಮ ಜಿಲ್ಲೆಯ ತುರಮುರಿಯ ಮಲಪ್ರಭಾ ಜಾಧವ ಜಕಾರ್ತಾದ ಏಷ್ಯನ್ ಗೇಮ್ಸಿನಿಂದ ಕಂಚು ತಂದಳು, ಕುರಾಶ್ ಎಂಬ ಆಟದಲ್ಲಿ. ಪದಕ ಬಂದ ಮೇಲೆ ಅದು ಕುಸ್ತಿಯ ಉಜ್ಬೇಕಿಸ್ತಾನದ ಬಳಗ ಎಂದು ಜಿಲ್ಲೆಗೆಲ್ಲ ತಿಳಿಯಿತು.

ಪ್ರವಾಸ ಹೋದವರು ಏನಾದರೂ ತರಬೇಕು ಎಂಬುದು ಮನೆಯವರ ಹಕ್ಕು. ಇದರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರನ್ನು ಮೀರಿಸುವವರಿಲ್ಲ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋದವರು ರೋಮಿನಲ್ಲಿ ಕೊಲೊಸಿಯಮ್ ನೋಡಿದರು. ಸಣ್ಣ ಬೊಂಬೆ ಕೊಂಡು ತರಲಿಲ್ಲ. ಊರಿಗೆ ಬಂದು ಅದೇ ಮಾದರಿಯಲ್ಲಿ ಕುಸ್ತಿಯ ಆಖಾಡವನ್ನೇ ಕಟ್ಟಿಸಿದರು, 1912ರ ಹೊತ್ತಿಗೆ ಖಾಸಬಾಗ ಮೈದಾನ ತಯಾರು. ಗಡಿಯ ಈ ಕಡೆಯ ನಮ್ಮ ಪೈಲ್ವಾನರು ಕೊಲ್ಲಾಪುರದ ತಾಲೀಮುಗಳಲ್ಲಿ ಬೆವರು ಸುರಿಸಿ, ಆ ಆಖಾಡದ ಕೆಂಪು ಮಣ್ಣಿನಲ್ಲಿ ಬೆನ್ನು ಹಚ್ಚಿ ಬಂದವರು. ಬೆನ್ನು ಹತ್ತಿತು ಎಂದು ಮಾತ್ರ ಯಾರೂ ಊರಲ್ಲಿ ಹೇಳುವುದಿಲ್ಲ.

ನಮ್ಮ ಕಬಡ್ಡಿ ಹುಡುಗರು ತರುತ್ತಿದ್ದುದು ಸುದ್ದಿ ಮಾತ್ರ. ಟ್ರ್ಯಾಕ್ಸ್ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಕಟ್ಟೆಯ ಮೇಲಿನ ಹಿರಿಯರು ಅಲ್ಲಿಂದಲೇ ವಿಚಾರಣೆ ಶುರು ಮಾಡುತ್ತಿದ್ದರು.

“ಯಾರ್ ಗೆದ್ರೋ ತಮ್ಮಾ?”

“ಅವರ ಗೆದ್ರು ಕಾಕಾ.”

“ಹೋಗ್ಲಿ ಬಿಡು. ಊಟಾ ಏನ್ ಹಾಕಿದ್ರು?”

ಇಲ್ಲಿಂದ ಮುಂದೆ ಹುಡುಗನಿಗೆ ಬಾಯಿ ಬರುತ್ತಿತ್ತು. ತಾಂಬಡಾ ರಸ್ಸಾ ಅನ್ನುವ ಕೆಂಪು ಸಾರು ಎಷ್ಟು ಖಾರ, ಪಾಂಡರಾ ರಸ್ಸಾ ಎಷ್ಟು ಬಿಳಿ, ಎಷ್ಟು ಬಟ್ಟಲು ಕುಡಿದರೂ ಯಾರೂ ಬೇಡವೆನ್ನಲಿಲ್ಲ, ಮಿಸಳದ ಮೇಲಿನ ಎಣ್ಣೆಯಲ್ಲಿ ಮುಖ ಕಾಣುತ್ತಿತ್ತು. ಅಂಕ ಎಷ್ಟೆಂದು ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಿದ್ದ; ರಸ್ಸಾ ವಿಷಯದಲ್ಲಿ ಏಳೂ ಮಂದಿಯದು ಒಂದೇ ಸಾಕ್ಷಿ. ಕೇಳಿದ ಕಾಕಾ ಕೊನೆಗೆ “ಆದ್ರೂ ನಮ್ಮ ಸಂಕೇಶ್ವರಿ ಮೆಣಸಿನಕಾಯಿ ಇಲ್ಲದ ರಸ್ಸಾ ಎಂಥಾ ರಸ್ಸಾಪಾ” ಎಂದು ಊರಿನ ಮಾನ ಕಾಯುತ್ತಿದ್ದ. ರಗ್ಬಿಯವರು ಪಂದ್ಯದ ನಂತರದ ಈ ಊಟವನ್ನೇ ಪಂದ್ಯದ ಮೂರನೇ ಅರ್ಧ ಅನ್ನುತ್ತಾರೆ. ಆಟ ಮುಗಿದ ಮೇಲೆ ಆತಿಥೇಯ ತಂಡ ಬಂದವರಿಗೆ ಉಣಿಸಬೇಕು, ಎರಡೂ ತಂಡ ಕೂಡಿ ಕೂರಬೇಕು. ನಮ್ಮಲ್ಲಿ ಆ ಹೊತ್ತಿನಲ್ಲಿ ಬಹುಮಾನ ವಿತರಣೆ ನಡೆದಿರುತ್ತದೆ. ಪ್ರಾಸ್ತಾವಿಕ, ಸ್ವಾಗತ, ಹಾರ, ಐದು ಮಂದಿ ಅತಿಥಿಗಳ ಎರಡೆರಡು ಮಾತು. ಪಂದ್ಯ ನಲವತ್ತು ನಿಮಿಷ, ಎರಡು ಮಾತು ಎರಡು ತಾಸು.

ಇಂಗ್ಲೆಂಡಿನ ಶಾಲೆಯ ಒಂದು ರಗ್ಬಿ ತಂಡ ದಾರಿ ತಪ್ಪಿ ಕಣಗಲಾಕ್ಕೇ ಪ್ರವಾಸ ಬಂದರೆ ಏನಾದೀತು ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಮೈದಾನ ನೂರು ಮೀಟರ್ ಉದ್ದ, ಎಪ್ಪತ್ತು ಮೀಟರ್ ಅಗಲ ಬೇಕು. ಕಬ್ಬು ಕಡಿದ ಹೊಲ ಆದೀತು, ಕೂಳೆ ಕಿತ್ತರೆ. ನೆಗ್ಗಿನಮುಳ್ಳಿಗೆ ಅವರ ಬೂಟು ಅಂಜಲಿಕ್ಕಿಲ್ಲ. ಹುಡುಗರನ್ನು ಮನೆಗಳಿಗೆ ಹಂಚುವ ದಿನ ಶಾಲೆಯ ಮುಂದೆ ರೇಶನ್ ಅಂಗಡಿಗಿಂತ ಉದ್ದ ಪಾಳಿ. “ಸರ್, ನಮ್ಮ ಮನಿಗೆ ಇಬ್ಬರನ್ನ ಹಾಕ್ರಿ.” “ನಿಮ್ಮ ಮನಿಯೊಳಗ ಜಾಗಾ ಎಲ್ಲೈತೆವ್ವಾ?” “ನಮ್ಮ ಮನಿಯವರನ್ನ ಹೊರಗ ಕಟ್ಟೀಮ್ಯಾಲೆ ಮಲಗಸ್ತೀನಿ, ನೀವು ಕೊಡ್ರಿ.” ಮೊದಲ ದಿನ ಕಟಕ ರೊಟ್ಟಿ ಮುರಿಯುವ ಸದ್ದಿಗೆ ಹುಡುಗರು ಬೆಚ್ಚುತ್ತಾರೆ. ಎರಡನೇ ದಿನ ಶೇಂಗಾ ಚಟ್ನಿ ತಾವೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಪಂದ್ಯದಲ್ಲಿ ನಮ್ಮ ಕಬಡ್ಡಿ ಹುಡುಗರು ಹಿಡಿಯುವುದರಲ್ಲಿ ಗೆದ್ದು ಎಸೆಯುವುದರಲ್ಲಿ ಸೋಲುತ್ತಾರೆ, ಯಾಕೆಂದರೆ ಕೈಗೆ ಸಿಕ್ಕಿದ್ದನ್ನು ಹಿಂದಿನವನಿಗೆ ಬಿಟ್ಟುಕೊಡುವ ರೂಢಿ ನಮಗಿಲ್ಲ. ಇಷ್ಟೂ ನಿಭಾಯಿಸಬಹುದು. ತೊಂದರೆ ಗೋಲ್ ಕಂಬಗಳದು. ಎತ್ತರದ ಎರಡು ಕಂಬ, 5.6 ಮೀಟರ್ ಅಂತರ, ಮೂರು ಮೀಟರ್ ಮೇಲೆ ಅಡ್ಡಪಟ್ಟಿ. ಅವುಗಳನ್ನು ಹುಗಿದು ಮಣ್ಣು ತುಳಿಯುವಷ್ಟರಲ್ಲಿ ಓಣಿಯ ಯಾರಾದರೊಬ್ಬ ಬಂದು ಕೆಳಗೂ ಮೇಲೂ ನೋಡಿ, ಪಿ.ಟಿ. ಸರ್ ಕಿವಿಯಲ್ಲಿ ಕೇಳಿಯೇ ಕೇಳುತ್ತಾನೆ: “ಸರ್, ಮ್ಯಾಚ್ ಮುಗದ ಮ್ಯಾಲೆ ಇವು ಖಾಲಿ ಇರ್ತಾವಲ್ರೀ? ಮುಂದಿನ ವಾರ ತಂಗೀ ಮದವಿ ಐತ್ರಿ, ಪೆಂಡಾಲ್ ಹಾಕೂದೈತಿ.”