ತೋಪು ತುಂಬಿದವರು

ನಮ್ಮ ಹಿತ್ತಲ ಬೇಲಿಯಾಚೆ ಟಿಕೋಟಾದ ಕಾಕಾ ಇದ್ದಾರೆ. ದ್ರಾಕ್ಷಿ ಪಡ ಊರಲ್ಲಿ, ಮೊಮ್ಮಕ್ಕಳ ಸಾಲಿ ವಿಜಯಪುರದಲ್ಲಿ. ಮೊನ್ನೆ ಮೊಮ್ಮಗನಿಗೆ ಮುಲುಕ್ ಮೈದಾನ ತೋಪು ತೋರಿಸಿಕೊಂಡು ಬಂದವರು ಬೇಲಿ ಹತ್ತಿರ ನಿಂತು ಕೇಳಿದರು: “ಮಾಸ್ತರ್ರ, ಅದರ ಬಾಯಾಗ ಹುಡುಗ ಕುಂದರೂವಷ್ಟು ಜಾಗಾ ಐತ್ರಿ. ಅಂಥಾದ್ದಕ್ಕ ಮದ್ದು-ಗುಂಡು ಹ್ಯಾಂಗ ತುಂಬತಿದ್ರು?”

ಕೇಳಬೇಕಾದ ಪ್ರಶ್ನೆಯೇ ಅದು. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ, 1632ರಲ್ಲಿ ಪರಾಂಡಾದಿಂದ ಇಲ್ಲಿಗೆ ಬಂತು, ತೂಕ ಸುಮಾರು 55 ಟನ್ ಎಂದು ಎಲ್ಲರೂ ಹೇಳುತ್ತಾರೆ. ತುಂಬಿದವರ ಕಷ್ಟ ಯಾರೂ ಹೇಳುವುದಿಲ್ಲ.

“ಮೊದಲನೇ ಗುಂಡು ಹಾರಸೂದು ಸರಳ ಕಾಕಾ, ಎರಡನೇದರಾಗ ಜೀವಕ್ಕ ಗಂಡಾಂತರ” ಅಂದೆ. ಒಂದು ಸಲ ಹಾರಿಸಿದ ಮೇಲೆ ಒಳಗೆ ಮಸಿ ಕಟ್ಟುತ್ತದೆ, ಎಲ್ಲೋ ಮೂಲೆಯಲ್ಲಿ ಕೆಂಡದ ಚೂರು ಉಳಿದಿರುತ್ತದೆ. ಅದರ ಮೇಲೆ ಹೊಸ ಮದ್ದು ಸುರಿದರೆ ತುಂಬುವವನ ಮುಖಕ್ಕೇ ಬೆಂಕಿ. ಅದಕ್ಕೇ ಉದ್ದನೆಯ ಕೋಲಿನ ತುದಿಗೆ ಒದ್ದೆ ಅರಿವೆಯನ್ನೋ ತುಪ್ಪಳವನ್ನೋ ಕಟ್ಟಿ ಒಳಗೆಲ್ಲ ಒರೆಸಬೇಕಿತ್ತು.

ಕಾಕಾ ತಲೆ ಆಡಿಸಿದರು. “ನಮ್ಮ ಬಬಲೇಶ್ವರದ ಬೀಗರು ಅಂತಾರ, ಬತ್ತಿ ಹಚ್ಚಿದಂವಾ ಸಪ್ಪಳಕ್ಕ ಅಂಜಿ ನೀರಿನ ಹೌದಿನ್ಯಾಗ ಮುಳಗತಿದ್ನಂತ.” ಆ ಮಾತು ಊರಲ್ಲೆಲ್ಲ ಇದೆ. ನನಗನಿಸುವುದು, ಕಿವಿ ಉಳಿಸಿಕೊಳ್ಳಲು ಎಷ್ಟು ಬೇಕಿತ್ತೋ, ತೋಪಿನ ಹೊಟ್ಟೆ ಆರಿಸಲು ಅದಕ್ಕಿಂತ ಹೆಚ್ಚು ನೀರು ಬೇಕಿತ್ತು.

ಮದ್ದಿನ ಗೋಳು ಬೇರೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಸಿದ ಪುಡಿ ಅದು. ಉಪ್ಪು ಶುದ್ಧವಿಲ್ಲದಿದ್ದರೆ ಮಳೆಗಾಲದ ಗಾಳಿಯ ತೇವವನ್ನೆಲ್ಲ ಹೀರಿ ಗಂಟು ಕಟ್ಟುತ್ತದೆ. ಬರೀ ಪುಡಿಯಾಗಿದ್ದರೆ ಬಂಡಿಯ ಕುಲುಕಾಟಕ್ಕೆ ಹಗುರ ಇದ್ದಿಲು ಮೇಲೆ, ಭಾರದ್ದು ಕೆಳಗೆ ಬೇರೆಬೇರೆಯಾಗಿ ಬಿಡುತ್ತದೆ. ಮುಂದೆ ಮದ್ದನ್ನು ತೋಯಿಸಿ ಕಾಳು ಮಾಡಿ ಒಣಗಿಸುವ ಪದ್ಧತಿ ಬಂದದ್ದು ಈ ತೊಂದರೆಗೇ.

ಗುಂಡಿನ ಅಳತೆಯೂ ಅಷ್ಟೇ ನಾಜೂಕು. ಈ ತೋಪಿನ ಒಳಬಾಯಿ ಸುಮಾರು 70 ಸೆಂಟಿಮೀಟರ್. ಗುಂಡು ಸಡಿಲಾದರೆ ಹೊಗೆಯ ಜೋರೆಲ್ಲ ಸಂದಿಯಲ್ಲಿ ಸೋರಿ ಗುಂಡು ಹತ್ತಿರದಲ್ಲೇ ಬೀಳುತ್ತದೆ. ನಡುವೆ ಸಿಕ್ಕಿಕೊಂಡರೆ ತೋಪೇ ಸಿಡಿಯಬಹುದು. ಹತ್ತಿರದ ಹೊಡೆತಕ್ಕೆ ಗುಂಡೇ ಬೇಕಿರಲಿಲ್ಲ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ತೋಪುಗಳಿಗೆ ತಾಮ್ರದ ನಾಣ್ಯದ ಚೀಲ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

“ಬತ್ತಿ ಹಚ್ಚಿದ್ರೂ ಹಾರಲಿಲ್ಲಂದ್ರ?”

“ಅದ ಎಲ್ಲಾಕ್ಕಿಂತ ಕೆಟ್ಟದ್ದು.” ಹಿಂಭಾಗದ ಬತ್ತಿ ಹಚ್ಚುವ ತೂತಿನಲ್ಲಿ ಮಸಿ ಗಟ್ಟಿಯಾಗಿ ಕೂತರೆ ಕಿಡಿ ಒಳಗೆ ಮುಟ್ಟುವುದಿಲ್ಲ. ಕಾಕಾ ಥಟ್ಟನೆ ಹಿಡಿದರು: “ಬೋರಿನ ಉಪ್ಪುನೀರಿಗೆ ಡ್ರಿಪ್ಪಿನ ತೂತು ಕಟ್ಟಿದಂಗ.” ಹೌದು, ಆದರೆ ಡ್ರಿಪ್ ಬಿಚ್ಚಿ ನೋಡಬಹುದು. ಇಲ್ಲಿ ಕಿಡಿ ಒಳಗೇ ಮೆಲ್ಲಗೆ ಹೊಗೆಯಾಡುತ್ತಿದ್ದರೆ, ಏನಾಯಿತೆಂದು ಇಣುಕಿದವನ ತಲೆ ಉಳಿಯುತ್ತಿರಲಿಲ್ಲ. ಕಾದು ನಿಲ್ಲಬೇಕು, ತೂತಿಗೆ ನೀರು ಬಿಡಬೇಕು, ಆಮೇಲೆ ಮುಟ್ಟಬೇಕು.

ಇದನ್ನೆಲ್ಲ ಮೇಲಕ್ಕೆ ಹೊರುವುದೂ ಒಂದು ಕಷ್ಟವೇ. ಇದೇ ಊರಿನ ಉಪ್ಪಲಿ ಬುರುಜು ಹತ್ತಿದ್ದೀರಲ್ಲ? ಸುಮಾರು 24 ಮೀಟರ್ ಎತ್ತರ, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು. ಬರಿಗೈಲಿ ಹತ್ತಿದರೇ ನಮಗೆ ಏದುಸಿರು. ಅದರ ಮೇಲಿರುವುದು ಕಬ್ಬಿಣದ ಪಟ್ಟಿ ಜೋಡಿಸಿ ಬಳೆ ತೊಡಿಸಿದ, 9 ಮೀಟರ್ ಉದ್ದದ ತೋಪು. ಮದ್ದು, ಗುಂಡು, ನೀರು ಎಲ್ಲ ಆ ಮೆಟ್ಟಿಲಲ್ಲೇ ಹೆಗಲ ಮೇಲೆ ಹೋಗಿರಬೇಕು.

ಮುಲುಕ್ ಮೈದಾನದ ಮೇಲೆ ಎರಕ ಹೊಯ್ದವನ ಹೆಸರಿದೆ, ಊರು ಗೆದ್ದ ಔರಂಗಜೇಬನ ಬರಹವಿದೆ. 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಪುಣ್ಯಕ್ಕೆ ಮಾರಲಿಲ್ಲ, ಅದೂ ದಾಖಲೆಯಲ್ಲಿದೆ. ಒದ್ದೆ ಅರಿವೆ ಹಿಡಿದು ಅದರ ಬಾಯಿಯ ಮುಂದೆ ನಿಂತವರ ಒಂದು ಹೆಸರೂ ಅದರ ಮೇಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದಾಗ ಆನೆ ನುಂಗುವ ಸಿಂಹದ ಬಾಯಿಯ ಮುಂದೆ ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಹಿಂದಕ್ಕೂ ಒಂದು ಸುತ್ತು ಕರೆದೊಯ್ದು ಆ ಬತ್ತಿಯ ತೂತು ತೋರಿಸಿ, ಅಲ್ಲಿ ನಿಂತವರ ಕೆಲಸ ಏನಿತ್ತೆಂದು ಹೇಳಿ.